ಅಪ್ಪಾಜಿ ಖಾತೆಯಿಂದ ಗೊತ್ತಿಲ್ಲದೆ ಹೋಗುತ್ತಿರುವ ದುಡ್ಡು: 199, 17.70, 295, 436

ಮಂಡಿಪೇಟೆ_ಹುಡುಗ:
ಅಪ್ಪಾಜಿ ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿದ್ದೇವೆ. ಪ್ರತಿ ತಿಂಗಳು 5ಕ್ಕೆ 199 ರೂಪಾಯಿ ಹೋಗಿದೆ. ಪಕ್ಕದಲ್ಲಿ ‘ಯುಪಿಐ ಮ್ಯಾಂಡೇಟ್’ ಅಂತಲೂ ಎಂದೂ ಕೇಳಿರದ ಒಂದು ಕಂಪನಿಯ ಹೆಸರೂ ಇದೆ. ಮೂರು ತಿಂಗಳಿಗೊಮ್ಮೆ 17.70, ಮೇ ಕೊನೆಗೆ 436, ಒಂದು ಸಲ ‘ಎಸಿಎಚ್ ರಿಟರ್ನ್’ ಅಂತ 295. ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿದ ಮೇಲೂ 199 ನಿಂತಿಲ್ಲ. ಶಾಖೆಯಲ್ಲಿ ಕೇಳಿದರೆ ಕಂಪನಿಯವರನ್ನೇ ಕೇಳಿ ಅಂತಾರೆ. ಇದನ್ನೆಲ್ಲ ನಿಲ್ಲಿಸುವುದು ಹೇಗೆ? ದಾವಣಗೆರೆಯಲ್ಲಿ ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು?

ಕೋಟೆನಾಡು:
ನಾಲ್ಕೂ ಬೇರೆ ಬೇರೆ ಕಡಿತ, ಒಂದೇ ಅರ್ಜಿಯಲ್ಲಿ ನಿಲ್ಲುವುದಿಲ್ಲ. ಮೊದಲು ಮೊತ್ತವನ್ನು 1.18ರಿಂದ ಭಾಗಿಸಿ ನೋಡಿ. ದುಂಡು ಸಂಖ್ಯೆ ಬಂದರೆ ಅದು ಬಹುಮಟ್ಟಿಗೆ ಬ್ಯಾಂಕಿನದೇ ಶುಲ್ಕ, ಮೇಲೆ 18% ಜಿಎಸ್‌ಟಿ. 17.70 ಅಂದರೆ 15 ರೂಪಾಯಿ ಎಸ್‌ಎಂಎಸ್ ಶುಲ್ಕ ಮತ್ತು ತೆರಿಗೆ. 295 ಅಂದರೆ 250 ಮತ್ತು 45. ಮುಂದೆ 236 ಕಂಡರೆ ಗಾಬರಿ ಬೇಡ, 200ಕ್ಕೆ 36 ತೆರಿಗೆ, ಕಾರ್ಡಿನ ವಾರ್ಷಿಕ ಶುಲ್ಕ ಇರಬಹುದು. 199ನ್ನು ಭಾಗಿಸಿದರೆ 168.64 ಬರುತ್ತದೆ. ಅದು ಯಾವುದೋ ಆ್ಯಪಿನ ಚಂದಾ.

436 ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ವರ್ಷದ ಕಂತು, 2 ಲಕ್ಷದ ಜೀವವಿಮೆ. ವಯಸ್ಸು 55 ಆಗುವವರೆಗೆ ಮಾತ್ರ ರಕ್ಷಣೆ. ಎರಡು ಬ್ಯಾಂಕಿನಲ್ಲಿ ಕಡಿತವಾಗುತ್ತಿದ್ದರೂ ವಿಮೆ ಸಿಗುವುದು ಒಂದೇ, ಹಾಗಿದ್ದರೆ ಒಂದು ಕಡೆ ನಿಲ್ಲಿಸಿ. ಜೊತೆಗೆ 20 ರೂಪಾಯಿ ಹೋಗಿದ್ದರೆ ಅದು ಸುರಕ್ಷಾ ಬಿಮಾ, 2 ಲಕ್ಷದ ಅಪಘಾತ ವಿಮೆ. ಸಿಟ್ಟಿನಲ್ಲಿ ಅದನ್ನು ಮಾತ್ರ ದಯವಿಟ್ಟು ತೆಗೆಸಬೇಡಿ.

ತುಂಗಭದ್ರಾ_ಹರಿಹರ:
199ರ ವಿಷಯ. ಕಾರ್ಡ್ ಬ್ಲಾಕ್ ಮಾಡಿದರೆ ನಿಲ್ಲುವುದು ಕಾರ್ಡಿನ ಮೇಲಿನ ಕಡಿತ ಮಾತ್ರ. ಯುಪಿಐ ಮ್ಯಾಂಡೇಟ್, ಅಂದರೆ ಪ್ರತಿ ಸಲ ಕೇಳದೆ ದುಡ್ಡು ಕಡಿತ ಮಾಡಲು ಮೊದಲೇ ಕೊಟ್ಟ ಒಪ್ಪಿಗೆ, ಖಾತೆಗೆ ನೇರವಾಗಿ ಕಟ್ಟಿಕೊಂಡಿರುತ್ತದೆ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೂ ಚಂದಾ ಹಾಗೇ ಮುಂದುವರಿಯುತ್ತದೆ. 1 ಅಥವಾ 2 ರೂಪಾಯಿಯ ಟ್ರಯಲ್‌ಗೆ ಪಿನ್ ಒತ್ತಿದಾಗಲೇ ಮುಂದಿನ ತಿಂಗಳುಗಳಿಗೂ ಒಪ್ಪಿಗೆ ಹೋಗಿರುತ್ತದೆ. ಮಕ್ಕಳ ಕೈಗೆ ಫೋನು ಕೊಟ್ಟ ಮನೆಗಳಲ್ಲಿ ಹೆಚ್ಚಾಗಿ ಆಗುವುದು ಇದೇ.

ಫೋನ್‌ಪೇ, ಗೂಗಲ್ ಪೇ, ಯಾವುದೇ ಇರಲಿ, ಪ್ರೊಫೈಲ್ ಒಳಗೆ ‘ಆಟೋಪೇ’ ಹುಡುಕಿ. ಅಪ್ಪಾಜಿ ಬಳಸುವ ಎಲ್ಲ ಯುಪಿಐ ಆ್ಯಪಲ್ಲೂ ನೋಡಿ, ಮ್ಯಾಂಡೇಟ್ ಯಾವುದರಲ್ಲಿ ಮಾಡಿದ್ದೋ ಗೊತ್ತಿಲ್ಲವಲ್ಲ. ಸಿಕ್ಕಮೇಲೆ ‘ಪಾಝ್’ (Pause) ಒತ್ತಬೇಡಿ, ಅದು ತಾತ್ಕಾಲಿಕ. ‘ರಿವೋಕ್’ ಅಥವಾ ‘ಕ್ಯಾನ್ಸಲ್’ ಒತ್ತಿ. ರದ್ದು ಮಾಡಲೂ ಯುಪಿಐ ಪಿನ್ ಕೇಳಬಹುದು, ಅದಕ್ಕೆ ಹೆದರಿ ಅರ್ಧಕ್ಕೆ ಬಿಡಬೇಡಿ. ‘ರದ್ದಾಗಿದೆ’ ಅನ್ನುವ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಹೆಸರಲ್ಲಿ ಗೂಗಲ್ ಪ್ಲೇ ಅಂತಿದ್ದರೆ ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ಸ್‌ನಲ್ಲೂ ರದ್ದು ಮಾಡಿ. ಚಂದಾ ಮಾಡಿದ ಜಿಮೇಲ್‌ನಿಂದಲೇ ಒಳಹೋಗಬೇಕು, ಬೇರೆ ಜಿಮೇಲ್ ಆದರೆ ಪಟ್ಟಿ ಖಾಲಿ ತೋರಿಸುತ್ತದೆ. ಇನ್ನು ಕೇಳಿರದ ಹೆಸರು ಹಣ ದಾಟಿಸುವ ಮಧ್ಯವರ್ತಿ ಕಂಪನಿಯದಿರಬಹುದು. ನಿಯಮದ ಪ್ರಕಾರ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು. 3, 4ನೇ ತಾರೀಖಿನ ಮೆಸೇಜುಗಳನ್ನು ಹುಡುಕಿದರೆ ನಿಜವಾದ ಹೆಸರು ಸಿಗುವ ಸಾಧ್ಯತೆ ಹೆಚ್ಚು. ಆ ಕಂಪನಿಯ ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳ ನಂಬರುಗಳೇ ಕಾದು ಕೂತಿರುತ್ತವೆ.

ಕೋಟೆನಾಡು:
ದೂರಿನ ಬಗ್ಗೆ. ಮನೆಯವರೇ ಪಿನ್ ಒತ್ತಿದ್ದರೆ ಬ್ಯಾಂಕು ಅದನ್ನು ಒಪ್ಪಿಗೆ ಇದ್ದ ವ್ಯವಹಾರ ಅಂತಲೇ ನೋಡುತ್ತದೆ. ರೀಫಂಡ್ ಕೇಳಬೇಕಾದದ್ದು ಆ್ಯಪಿನವರನ್ನು, ಶಾಖೆಯವರು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಯಾರೂ ಒಪ್ಪಿಗೆ ಕೊಟ್ಟಿಲ್ಲ ಅಂತ ಖಚಿತವಿದ್ದರೆ ತಡಮಾಡಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದ ಮೋಸವನ್ನು ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿವರೆಗೆ ನೀವು ಹೊರಬೇಕಾಗುತ್ತದೆ. ಬಾಯಿಮಾತು ಸಾಲದು, ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ವಂಚನೆಯೇ ಆಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ದಾವಣಗೆರೆಯ ಸಿಇಎನ್ ಪೊಲೀಸ್ ಠಾಣೆ.

ಮಂಡಿಪೇಟೆ_ಹುಡುಗ:
ಆಟೋಪೇನಲ್ಲಿ 199 ಸಿಕ್ಕಿತು, ರದ್ದು ಮಾಡಿದೆವು. ಥ್ಯಾಂಕ್ಸ್ ಸರ್. ಆ 295 ಮತ್ತೆ ಬೀಳುತ್ತಾ?

ತುಂಗಭದ್ರಾ_ಹರಿಹರ:
ಎಸಿಎಚ್ ಅಂದರೆ ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ. ಆ ಕಂತು ಬಂದ ದಿನ ಬ್ಯಾಲೆನ್ಸ್ ಸಾಲದೆ ವಾಪಸ್ ಹೋಗಿದ್ದಕ್ಕೆ ಬಿದ್ದ ದಂಡ ಅದು. ಮ್ಯಾಂಡೇಟ್ ಇರುವವರೆಗೆ ಮತ್ತೆ ಬೀಳಬಹುದು. ಯಾವ ಕಂತು ಅಂತ ಶಾಖೆಯಲ್ಲಿ ಕೇಳಿ, ಆ ಮ್ಯಾಂಡೇಟಿನ ಗುರುತಾದ 20 ಅಕ್ಷರದ ಯುಎಂಆರ್‌ಎನ್ ಸಂಖ್ಯೆ ಬರೆಸಿಕೊಳ್ಳಿ. ಮುಗಿದುಹೋದ ವ್ಯವಹಾರವಾದರೆ ಆ ಸಂಖ್ಯೆ ಹಾಕಿ ರದ್ದತಿ ಪತ್ರ ಕೊಡಿ, ಅದನ್ನು ಬ್ಯಾಂಕೇ ತೆಗೆದುಕೊಳ್ಳಬೇಕು. ಸಾಲದ ಕಂತಾದರೆ ರದ್ದು ಮಾಡಬೇಡಿ. ಮ್ಯಾಂಡೇಟ್ ಹೋದರೂ ಸಾಲ ಹೋಗುವುದಿಲ್ಲ, ಸಾಲ ಕೊಟ್ಟವರೂ ಬೇರೆ ದಂಡ ಹಾಕುತ್ತಾರೆ. ಕಂತಿನ ಹಿಂದಿನ ದಿನವೇ ಖಾತೆಯಲ್ಲಿ ದುಡ್ಡು ಇರುವಂತೆ ನೋಡಿಕೊಳ್ಳಿ.