ಲೋಡಿಂಗ್ ಮುಗಿಯುವಷ್ಟರಲ್ಲಿ ಮ್ಯಾಚ್‌ನಿಂದ ಹೊರಗೆ, ಮೇಲಿಂದ ಪೆನಾಲ್ಟಿ: ಯಾರಿಗಾದರೂ ಪರಿಹಾರ ಸಿಕ್ಕಿದೆಯಾ?

ಡೊಂಬಿವಲಿಕರ್

ಎಲ್ಲರಿಗೂ ನಮಸ್ಕಾರ. ಸಿಟ್ಟಿನಲ್ಲಿದ್ದೇನೆ, ಬರಹ ಸ್ವಲ್ಪ ಉದ್ದವಾದರೆ ಬೇಜಾರು ಮಾಡ್ಕೋಬೇಡಿ. ನಾವು ಐದೈದು ಜನರ ತಂಡವಾಗಿ ಆಡುವ ಆನ್‌ಲೈನ್ ಶೂಟರ್ ಆಟದ ಗೋಳು ಇದು.

ರ‍್ಯಾಂಕ್ಡ್ (ಪಾಯಿಂಟ್ ಲೆಕ್ಕಕ್ಕೆ ಬರುವ) ಮ್ಯಾಚ್ ಸಿಗುತ್ತದೆ, ಪಾತ್ರ ಆರಿಸುತ್ತೇವೆ, ಮ್ಯಾಪ್ ಲೋಡ್ ಆಗಲು ಶುರುವಾಗುತ್ತದೆ. ಲೋಡಿಂಗ್ ಪಟ್ಟಿ ಕೊನೆಯವರೆಗೂ ತುಂಬುತ್ತದೆ. ಇನ್ನೇನು ಒಳಗೆ ಹೋದೆ ಅನ್ನುವಾಗ 'ಸರ್ವರ್ ಸಂಪರ್ಕ ಕಡಿದಿದೆ' ಎಂದು ಲಾಬಿಗೆ, ಅಂದರೆ ಮ್ಯಾಚ್‌ಗೆ ಮುಂಚಿನ ಪರದೆಗೆ, ತಂದು ಬಿಸಾಕುತ್ತದೆ. ರೀಕನೆಕ್ಟ್ ಒತ್ತಿದರೆ ಮತ್ತೆ ಮೊದಲಿಂದ ಲೋಡಿಂಗ್, ಮತ್ತೆ ಅದೇ ಸಂದೇಶ. ಅಷ್ಟರಲ್ಲಿ 'ಮ್ಯಾಚ್ ಬಿಟ್ಟು ಹೋದವರು' ಎಂಬ ಹಣೆಪಟ್ಟಿ ಬಿದ್ದು ಪಾಯಿಂಟ್ ಕಟ್. ಆಮೇಲೆ ಸ್ವಲ್ಪ ಹೊತ್ತು ಆಡುವಂತೆಯೂ ಇಲ್ಲ.

ಹೊಸದಾಗಿ ಬಂದ ಎರಡು ದೊಡ್ಡ ಮ್ಯಾಪ್‌ಗಳಲ್ಲಿ ಮಾತ್ರ ಹೀಗೆ. ಹಳೆಯ ಸಣ್ಣ ಮ್ಯಾಪ್‌ಗಳಲ್ಲಿ ಏನೂ ತೊಂದರೆ ಇಲ್ಲ. ಡೊಂಬಿವಲಿ ಪೂರ್ವದಲ್ಲಿ ಮನೆ, ಫೈಬರ್ ಕನೆಕ್ಷನ್, ಮುಂಬೈ ಸರ್ವರ್‌ಗೆ ಪಿಂಗ್ (ಸಂದೇಶ ಹೋಗಿ ಬರುವ ಸಮಯ) ಹತ್ತು ಮಿಲಿಸೆಕೆಂಡಿನ ಆಸುಪಾಸು. ಪಿಸಿಗೆ ಲ್ಯಾನ್ ಕೇಬಲ್ ಹಾಕಿದ್ದೇನೆ, ವೈಫೈ ಅಲ್ಲ. ಡ್ರೈವರ್ ಅಪ್‌ಡೇಟ್, ಫೈಲ್ ವೆರಿಫೈ, ಫೈರ್‌ವಾಲ್‌ನಲ್ಲಿ ಅನುಮತಿ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್, ಎಲ್ಲ ಆಗಿದೆ.

ಸಪೋರ್ಟ್‌ಗೆ ಬರೆದರೆ 'ರೂಟರ್ ರೀಸ್ಟಾರ್ಟ್ ಮಾಡಿ' ಅನ್ನುವ ಅದೇ ರೆಡಿಮೇಡ್ ಉತ್ತರ. ಕಳೆದ ಸೀಸನ್‌ನಿಂದ ಇದೇ ಗೋಳು. ಪ್ಯಾಚ್ ನೋಟ್ಸ್ (ಆಟದಲ್ಲಿ ಏನೇನು ಸರಿಪಡಿಸಿದ್ದಾರೆ ಎಂಬ ಪಟ್ಟಿ) ಬಂದಾಗೆಲ್ಲ ಮೊದಲು ಇದನ್ನೇ ಹುಡುಕುತ್ತೇನೆ. ಪಾತ್ರಗಳಿಗೆ ಹೊಸ ವೇಷ (ಸ್ಕಿನ್) ಇರುತ್ತದೆ, ಇದು ಇರುವುದಿಲ್ಲ. ನನ್ನೊಬ್ಬನದಾದರೆ ಹೋಗಲಿ. ನಾನು ಬಿದ್ದರೆ ಉಳಿದ ನಾಲ್ವರು ಐವರ ಎದುರು ಆಡಬೇಕು. ಪುಣೆಯ ಇಬ್ಬರು ಗೆಳೆಯರು ಆಫೀಸ್ ಮುಗಿಸಿ ರಾತ್ರಿ ಕೂರುವುದೇ ಒಂದೆರಡು ಗಂಟೆ, ಅದೂ ನನ್ನಿಂದ ಹಾಳು.

ಮೀರಾರೋಡ್ ಸ್ನೈಪರ್

ಸೇಮ್ ಮಾರಾಯ್ರೆ! ಅವೇ ಎರಡು ಮ್ಯಾಪ್. ನಾನಂತೂ ಸೀಸನ್ ಪಾಸ್ ತಗೊಳ್ಳುವುದನ್ನೇ ಬಿಟ್ಟೆ. ಎಲ್ಲರೂ ಸೇರಿ ಒಂದು ಸ್ಟಾರ್ ಕೊಡೋಣ, ಆಗ ಬುದ್ಧಿ ಬರುತ್ತದೆ.

ಔಂಧ್ ನೆಟ್‌ವರ್ಕ್

ಸ್ಟಾರ್ ಆಮೇಲೆ ಕೊಡೋಣಂತೆ, ಮೊದಲು ಇಬ್ಬರೂ ಮೂರು ವಿಷಯ ನೋಡಿ ಹೇಳ್ರಿ. ಆಟ ಇರುವುದು ನಿಧಾನದ ಹಾರ್ಡ್ ಡಿಸ್ಕ್‌ನಲ್ಲೋ ವೇಗದ ಎಸ್‌ಎಸ್‌ಡಿಯಲ್ಲೋ? ಆ ಮ್ಯಾಪ್ ಲೋಡ್ ಆಗಲು ಎಷ್ಟು ಹೊತ್ತು ಬೇಕು? ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್‌ನವರು ರೂಟರ್‌ಗೆ ಕೊಟ್ಟ ವಿಳಾಸ) ಎಷ್ಟರಿಂದ ಶುರುವಾಗುತ್ತದೆ? ಪೂರ್ತಿ ಐಪಿ ಇಲ್ಲಿ ಹಾಕಬೇಡಿ, ಚುಕ್ಕೆಗಳ ನಡುವಿನ ಮೊದಲ ಎರಡು ಸಂಖ್ಯೆ ಸಾಕು.

ಡೊಂಬಿವಲಿಕರ್

ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಸಣ್ಣದು, ಅದರಲ್ಲಿ ವಿಂಡೋಸ್ ಮತ್ತು ಕಾಲೇಜಿನ ಸಾಫ್ಟ್‌ವೇರ್ ಮಾತ್ರ. ದೊಡ್ಡ ಮ್ಯಾಪ್‌ಗೆ ಎರಡು ನಿಮಿಷದ ಮೇಲೆ ಬೇಕು, ಸಣ್ಣದಕ್ಕೆ ಒಂದು ನಿಮಿಷದೊಳಗೆ ಆಗುತ್ತದೆ. ವ್ಯಾನ್ ಐಪಿ 100.72 ಎಂದಿದೆ.

ಇನ್ನೊಂದು ವಿಚಿತ್ರ. ಠಾಣೆಯ ನನ್ನ ಕಸಿನ್‌ದೂ ಹಾರ್ಡ್ ಡಿಸ್ಕೇ, ನನ್ನಷ್ಟೇ ನಿಧಾನ. ಅವನು ಒಂದು ಸಲವೂ ಬಿದ್ದಿಲ್ಲ. ಮನೆಯ ಕ್ಯಾಮೆರಾಗೆ ಬೇಕು ಅಂತ ಅವನು ಪಬ್ಲಿಕ್ ಐಪಿ (ಬೇರೆ ಮನೆಗಳ ಜೊತೆ ಹಂಚಿಕೊಳ್ಳದ ವಿಳಾಸ) ತಗೊಂಡಿದ್ದಾನೆ.

ಔಂಧ್ ನೆಟ್‌ವರ್ಕ್

ಆ ಕಸಿನ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು. ಅಲ್ಲೇ ಸುಳಿವು ಇದೆ.

100.64ರಿಂದ 100.127ರವರೆಗಿನ ಐಪಿ ಕಂಡರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಎಂದರ್ಥ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು, ಅಂದರೆ ಐಪಿವಿ4, ಸಾಕಾಗುವುದಿಲ್ಲ. ಹಾಗಾಗಿ ಇಂಟರ್ನೆಟ್ ಕೊಡುವವರು ಒಂದೇ ಪಬ್ಲಿಕ್ ಐಪಿಯನ್ನು ತುಂಬಾ ಮನೆಗಳಿಗೆ ಹಂಚುತ್ತಾರೆ. ಯಾವ ಮನೆಯ ಯಾವ ಸಂಪರ್ಕಕ್ಕೆ ಹೊರಗಡೆ ಯಾವ ಪೋರ್ಟ್ (ಬಾಗಿಲಿನ ನಂಬರ್ ಇದ್ದ ಹಾಗೆ) ಕೊಟ್ಟಿದೆ ಎಂದು ಅವರ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಸೊಸೈಟಿ ಗೇಟಿನ ವಾಚ್‌ಮನ್ ರಿಜಿಸ್ಟರ್ ಇದ್ದ ಹಾಗೆ. ಸ್ವಲ್ಪ ಹೊತ್ತು ಯಾವ ಓಡಾಟವೂ ಇಲ್ಲದಿದ್ದರೆ ಆ ನಮೂದನ್ನು ಅಳಿಸಿಬಿಡುತ್ತದೆ.

ಶೂಟರ್ ಆಟಗಳು ಸಾಮಾನ್ಯವಾಗಿ ಯುಡಿಪಿ ಎಂಬ ಹಗುರವಾದ ಸಂದೇಶ ವಿಧಾನದಲ್ಲಿ ನಡೆಯುತ್ತವೆ. ಯುಡಿಪಿಯಲ್ಲಿ 'ಸಂಪರ್ಕ ಮುಗಿಯಿತು' ಎಂದು ಹೇಳುವ ಪದ್ಧತಿಯೇ ಇಲ್ಲ, ಆದ್ದರಿಂದ ಈ ರಿಜಿಸ್ಟರ್ ಇಡುವ ನ್ಯಾಟ್ ಯಂತ್ರ ಗಡಿಯಾರ ನೋಡಿಯೇ ತೀರ್ಮಾನ ಮಾಡಬೇಕು. 2007ರಲ್ಲಿ ಬಂದ ಆರ್‌ಎಫ್‌ಸಿ 4787 ಎಂಬ ಇಂಟರ್ನೆಟ್ ಮಾರ್ಗಸೂಚಿ ಪ್ರಕಾರ ಈ ನಮೂದನ್ನು 2 ನಿಮಿಷಕ್ಕಿಂತ ಮೊದಲು ಅಳಿಸಬಾರದು, 5 ನಿಮಿಷವೋ ಅದಕ್ಕಿಂತ ಜಾಸ್ತಿಯೋ ಇಟ್ಟರೆ ಒಳ್ಳೆಯದು. ಎಲ್ಲರೂ ಪಾಲಿಸುವುದಿಲ್ಲ. ತುಂಬಾ ರೂಟರ್‌ಗಳ ಒಳಗೆ ಓಡುವ ಲಿನಕ್ಸ್‌ನ ಈಗಿನ ಆವೃತ್ತಿಯಲ್ಲಿ, ಎರಡೂ ಕಡೆಯಿಂದ ಮಾತುಕತೆ ನಡೆಯುತ್ತಿದ್ದ ಯುಡಿಪಿ ಸಂಪರ್ಕಕ್ಕೂ ಮಾಮೂಲಿ ಸೆಟ್ಟಿಂಗ್ 120 ಸೆಕೆಂಡು. ಈಗ ನಿಮ್ಮ ಲೋಡಿಂಗ್ ಸಮಯ ನೋಡಿ: ಎರಡು ನಿಮಿಷದ ಮೇಲೆ.

ನನ್ನ ಅನುಮಾನ ಇಷ್ಟು. ಮ್ಯಾಪ್ ಲೋಡ್ ಆಗುವಾಗ ಆಟ ಡಿಸ್ಕ್ ಓದುವುದರಲ್ಲಿ ಮುಳುಗಿ ಸರ್ವರ್‌ಗೆ ಒಂದೂ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸುವುದಿಲ್ಲ. ಅಷ್ಟರಲ್ಲಿ ಸಿಜಿನ್ಯಾಟ್ ನಿಮ್ಮ ನಮೂದು ಅಳಿಸುತ್ತದೆ. ಲೋಡ್ ಮುಗಿದು ಆಟ ಮತ್ತೆ ಮಾತಾಡಿದಾಗ ಹೊರಗೆ ಬೇರೆಯೇ ಪೋರ್ಟ್ ಸಿಗುತ್ತದೆ. ಸರ್ವರ್‌ಗೆ ಅದು ಪರಿಚಯವಿಲ್ಲದ ವಿಳಾಸ, ಉತ್ತರ ಕೊಡುವುದಿಲ್ಲ. ಹಳೆಯ ಪೋರ್ಟ್‌ಗೆ ಸರ್ವರ್ ಕಳಿಸಿದ್ದು ನಿಮ್ಮ ಮನೆ ಮುಟ್ಟುವುದಿಲ್ಲ. ಕಸಿನ್ ಮನೆಯಲ್ಲೂ ನಮೂದು ಅಳಿಸಿರಬಹುದು. ಆದರೆ ಮನೆಯ ರೂಟರ್‌ಗಳಲ್ಲಿ ಹೆಚ್ಚಿನವು ಅದೇ ಪೋರ್ಟನ್ನೇ ಮತ್ತೆ ಕೊಡುತ್ತವೆ, ಹಾಗಾಗಿ ಸರ್ವರ್‌ಗೆ ಅವನು ಹಳೆಯ ಮನುಷ್ಯನೇ.

ಇದು ಅನುಮಾನ, ಇನ್ನೂ ಖಚಿತವಲ್ಲ. ಪರೀಕ್ಷೆ ಮಾಡೋಣ. ದಯವಿಟ್ಟು ರ‍್ಯಾಂಕ್ಡ್ ಬೇಡ, ಪಾಯಿಂಟ್ ಲೆಕ್ಕವಿಲ್ಲದ ಕಸ್ಟಮ್ ರೂಮ್ ತೆರೆದು ಅದೇ ದೊಡ್ಡ ಮ್ಯಾಪ್ ಹಾಕಿ. ವೈರ್‌ಶಾರ್ಕ್ (ನೆಟ್‌ನಲ್ಲಿ ಹೋಗಿ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಸಾಫ್ಟ್‌ವೇರ್) ಓಡಿಸಿ, ಯುಡಿಪಿ ಎಂದು ಫಿಲ್ಟರ್ ಕೊಟ್ಟು ಲೋಡಿಂಗ್ ಹೊತ್ತಿನ ಸಾಲುಗಳನ್ನು ನೋಡಿ. ಆಮೇಲೆ ಆಟವನ್ನು ಎಸ್‌ಎಸ್‌ಡಿಗೆ ಹಾಕಿ ಅದನ್ನೇ ಮತ್ತೆ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ಮಡಗಾಂವ್ ಮಿಡ್

ಗೋವಾದಿಂದ. ನನಗೂ ಇದೇ ತೊಂದರೆ, ವ್ಯಾನ್ ಐಪಿಯೂ 100ರಿಂದಲೇ. ರೂಟರ್‌ನಲ್ಲಿ ಐಪಿವಿ6 (ಹೊಸ ಮಾದರಿಯ ವಿಳಾಸ) ಆನ್ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಪೋರ್ಟ್ ಫಾರ್ವರ್ಡಿಂಗ್ (ಒಂದು ಪೋರ್ಟ್‌ಗೆ ಹೊರಗಿಂದ ಬಂದದ್ದನ್ನು ನನ್ನ ಲ್ಯಾಪ್‌ಟಾಪ್‌ಗೆ ಕಳಿಸುವ ಸೆಟ್ಟಿಂಗ್) ಮಾಡಿದರೂ ಅಷ್ಟೇ.

ಔಂಧ್ ನೆಟ್‌ವರ್ಕ್

ಆಟದ ಸರ್ವರ್ ಬರೀ ಐಪಿವಿ4 ಆಗಿದ್ದರೆ ನೀವು ಐಪಿವಿ6 ಹಾಕಿ ಪ್ರಯೋಜನವಿಲ್ಲ. ಪೋರ್ಟ್ ಫಾರ್ವರ್ಡಿಂಗ್ ನಡೆಯುವುದು ನಿಮ್ಮ ಮನೆಯ ರೂಟರ್‌ನಲ್ಲಿ. ಸಿಜಿನ್ಯಾಟ್ ಇರುವುದು ಅದರಾಚೆ, ನಿಮ್ಮ ಕೈಗೆ ಸಿಗದ ಜಾಗದಲ್ಲಿ.

ಡೊಂಬಿವಲಿಕರ್

ಪರೀಕ್ಷೆ ಆಯಿತು. ಕೈ ನಡುಗುತ್ತಿದೆ, ಖುಷಿಯಲ್ಲಿ.

ಹಾರ್ಡ್ ಡಿಸ್ಕ್, ದೊಡ್ಡ ಮ್ಯಾಪ್: ಲೋಡಿಂಗ್ ಶುರುವಾದ ಕೂಡಲೇ ವೈರ್‌ಶಾರ್ಕ್‌ನಲ್ಲಿ ಆಟದ ಸಾಲುಗಳು ನಿಂತವು. ವಿಂಡೋಸ್‌ನ ಬೇರೆ ಏನೇನೋ ಓಡುತ್ತಿತ್ತು, ಆಟದ್ದು ಒಂದೂ ಇಲ್ಲ. ಪಟ್ಟಿ ತುಂಬಿದ ಮೇಲೆ ನನ್ನ ಕಡೆಯಿಂದ ಸರ್ವರ್‌ಗೆ ಸಾಲು ಸಾಲಾಗಿ ಪ್ಯಾಕೆಟ್ ಹೋದವು. ಅತ್ತಲಿಂದ ಒಂದೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಸಂದೇಶ. ಎಸ್‌ಎಸ್‌ಡಿಗೆ ಹಾಕಿದ ಮೇಲೆ ಎಷ್ಟು ಸಲ ಆಡಿದರೂ ಬೀಳಲಿಲ್ಲ. ಮತ್ತೆ ಹಾರ್ಡ್ ಡಿಸ್ಕ್‌ಗೆ ತಂದೆ, ಮತ್ತೆ ಬಿತ್ತು. ಹಾರ್ಡ್ ಡಿಸ್ಕ್‌ನಲ್ಲೇ ಇಟ್ಟು ಕಸಿನ್ ಮನೆಗೆ ಪಿಸಿ ಹೊತ್ತುಕೊಂಡು ಹೋಗಿ ಆಡಿದೆ, ಬೀಳಲಿಲ್ಲ!

ಸದ್ಯಕ್ಕೆ ಸಾಫ್ಟ್‌ವೇರ್ ತೆಗೆದು ಎಸ್‌ಎಸ್‌ಡಿಯಲ್ಲಿ ಜಾಗ ಮಾಡಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ಮತ್ತೆ ತೆಗೆಯಬೇಕು. ಹೀಗೇ ಎಷ್ಟು ದಿನ?

ಮೀರಾರೋಡ್ ಸ್ನೈಪರ್

ಅಂದರೆ ತಪ್ಪು ಆಟದವರದ್ದೇ ಅಲ್ವಾ? ಈಗ ಒಂದು ಸ್ಟಾರ್ ಕೊಡಬಹುದಾ?

ಔಂಧ್ ನೆಟ್‌ವರ್ಕ್

ತಪ್ಪು ಅವರದ್ದೇ. ಲೋಡಿಂಗ್ ಹೊತ್ತಿನಲ್ಲಿ ಹಿನ್ನೆಲೆಯಲ್ಲಿ ಕೆಲವು ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಅದಕ್ಕೆ ಕೀಪ್‌ಅಲೈವ್ ಅನ್ನುತ್ತಾರೆ, ಹೊಸದೇನಲ್ಲ. ಇದನ್ನು ಹುಡುಕಿ ಕೊಡುವುದು ದುಡ್ಡು ಕೊಟ್ಟು ಆಡುವವರ ಕೆಲಸವೂ ಅಲ್ಲ.

ಆದರೂ ಒಂದು ಸ್ಟಾರ್ ಕೊಟ್ಟರೆ ಈ ಬಗ್ ಹೋಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಡೆವಲಪರ್ ಮೇಜಿನ ಮೇಲೆ ಎಸ್‌ಎಸ್‌ಡಿ ಇರುತ್ತದೆ, ಆಫೀಸಿನ ನೆಟ್ ಸಿಜಿನ್ಯಾಟ್ ಹಿಂದೆ ಇರುವುದಿಲ್ಲ. ಅಲ್ಲಿ ಈ ಬಗ್ ಹುಟ್ಟುವುದೇ ಇಲ್ಲ. 'ಆಟ ಕೆಟ್ಟಿದೆ, ಸರಿ ಮಾಡಿ' ಎಂದು ಸಾವಿರ ಜನ ಬರೆದರೂ ಅವರಿಗೆ ಕಾಣಿಸುವುದಿಲ್ಲ. ಕಾಣಿಸುವ ಹಾಗೆ ಬರೆದುಕೊಟ್ಟರೆ ಕೆಲಸ ಆಗುತ್ತದೆ.

ಜಿಟಿಎ ಆನ್‌ಲೈನ್ ಕಥೆ ಕೇಳಿರಬಹುದು. 2013ರಲ್ಲಿ ಬಂದ ಆಟ. ಪಿಸಿಯಲ್ಲಿ ಲೋಡಿಂಗ್ ತುಂಬಾ ನಿಧಾನ ಎಂದು ಜನ ವರ್ಷಗಟ್ಟಲೆ ಗೊಣಗಿದರು. 2021ರ ಫೆಬ್ರವರಿಯಲ್ಲಿ ಒಬ್ಬ ಆಟಗಾರ ತಾನೇ ಕೂತು ಬಿಚ್ಚಿ ನೋಡಿದ. ಸುಮಾರು 10 ಎಂಬಿಯ ಒಂದು ಜೇಸನ್ ಫೈಲ್ (ಮಾಹಿತಿ ಬರೆದಿಟ್ಟ ಪಠ್ಯ ಫೈಲ್) ಓದುವಾಗ ಆಟ, ಒಂದೊಂದು ತುಣುಕಿಗೂ ಉಳಿದ ಫೈಲಿನ ಉದ್ದವನ್ನು ಮತ್ತೆ ಮತ್ತೆ ಅಳೆಯುತ್ತಿತ್ತು. ಸರಿಪಡಿಸಿದಾಗ ಅವನ ಪಿಸಿಯಲ್ಲಿ ಲೋಡಿಂಗ್ ಸಮಯ ಸುಮಾರು 70 ಶೇಕಡಾ ಇಳಿಯಿತು. ಕಾರಣ ಸಮೇತ ಪ್ರಕಟಿಸಿದ ಮೇಲೆ, ರಾಕ್‌ಸ್ಟಾರ್ ಮಾರ್ಚ್‌ನಲ್ಲೇ ಪ್ಯಾಚ್ ಬಿಟ್ಟಿತು, ಅವನಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು. ಅಷ್ಟು ವರ್ಷದ ಗೊಣಗಾಟಕ್ಕೆ ಆಗದ್ದು ಒಂದು ಸರಿಯಾದ ವರದಿಗೆ ಕೆಲವೇ ವಾರಗಳಲ್ಲಿ ಆಯಿತು.

ಡೊಂಬಿವಲಿಕರ್, ನಿಮ್ಮ ವರದಿಯಲ್ಲಿ ಬೈಗುಳ ಒಂದೂ ಬೇಡ. ಮ್ಯಾಪ್ ಹೆಸರು, ಲೋಡಿಂಗ್ ಸಮಯ, ಡಿಸ್ಕ್ ಯಾವುದು, ಸಿಜಿನ್ಯಾಟ್ ಇದೆ ಎಂಬುದು, ಬಿದ್ದ ಗಂಟೆ ನಿಮಿಷ, ಮ್ಯಾಚ್ ಐಡಿ, ಇಷ್ಟು ಹಾಕಿ. ಭಾರತದ ಸಮಯ ಎಂದು ಬರೆಯಲು ಮರೆಯಬೇಡಿ, ಅವರ ಲಾಗ್ (ಸರ್ವರ್ ದಾಖಲೆ) ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರಬಹುದು, ಐದೂವರೆ ಗಂಟೆ ಹಿಂದೆ. ಅವರೇ ಮಾಡಿ ನೋಡಲು ದಾರಿಯನ್ನೂ ಬರೆಯಿರಿ: ನ್ಯಾಟ್‌ನ ಯುಡಿಪಿ ಟೈಮ್‌ಔಟ್ (ನಮೂದು ಅಳಿಸುವ ಮುಂಚಿನ ಅವಧಿ) 60 ಸೆಕೆಂಡಿಗೆ ಇಳಿಸಿ, ಪ್ರತಿ ಸಲ ಬೇರೆ ಪೋರ್ಟ್ ಕೊಡುವಂತೆ ಮಾಡಿ, ಹಾರ್ಡ್ ಡಿಸ್ಕ್‌ನಿಂದ ಆ ಮ್ಯಾಪ್ ತೆರೆಯಿರಿ. ವೈರ್‌ಶಾರ್ಕ್ ಫೈಲನ್ನು ಸಪೋರ್ಟ್‌ಗೆ ಕೊಡುವ ದೂರಿಗೆ (ಟಿಕೆಟ್‌ಗೆ) ಮಾತ್ರ ಲಗತ್ತಿಸಿ, ಇಲ್ಲಿ ಬೇಡ. ಅದರಲ್ಲಿ ನಿಮ್ಮ ಬೇರೆ ಓಡಾಟವೂ ಇರುತ್ತದೆ.

ಡೊಂಬಿವಲಿಕರ್

ಹೇಳಿದ ಹಾಗೇ ಬರೆದು ಕಳಿಸಿದೆ. ಈ ಸಲ ರೆಡಿಮೇಡ್ ಉತ್ತರ ಬರಲಿಲ್ಲ. ಲೋಡಿಂಗ್ ಹೊತ್ತಿನ ಇನ್ನೊಂದು ಲಾಗ್ ಕೇಳಿದರು, ಕೊಟ್ಟೆ. ಆಟದ ಕಂಪನಿಯ ನೆಟ್‌ವರ್ಕ್ ತಂಡ ಮಾಡಿ ನೋಡಿದಾಗಲೂ ಹಾಗೇ ಬಿತ್ತಂತೆ, ಬಗ್ ಒಪ್ಪಿಕೊಂಡಿದ್ದಾರೆ. ಯಾವ ಪ್ಯಾಚ್‌ನಲ್ಲಿ ಬರುತ್ತದೆ ಎಂದು ಹೇಳಲಿಲ್ಲ. ಹೋದ ಪಾಯಿಂಟ್ ವಾಪಸ್ ಇಲ್ಲವಂತೆ. ಅದು ಅನ್ಯಾಯ. ಬಿಟ್ಟು ಹೋಗದವನಿಗೆ 'ಬಿಟ್ಟು ಹೋದವರು' ಎಂದು ಹಾಕಿದ್ದನ್ನು ತೆಗೆಯಲೇಬೇಕು ಎಂದು ಅದೇ ಟಿಕೆಟ್‌ನಲ್ಲಿ ಮತ್ತೆ ಬರೆದಿದ್ದೇನೆ.

ಮಡಗಾಂವ್ ಮಿಡ್

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಹಾಕಲು ಜಾಗವೇ ಇಲ್ಲ. ಪ್ಯಾಚ್ ಬರುವ ತನಕ ಏನು ಮಾಡಲಿ?

ಔಂಧ್ ನೆಟ್‌ವರ್ಕ್

ಯುಎಸ್‌ಬಿ 3 ಪೋರ್ಟ್ ಇದ್ದರೆ ಹೊರಗಿನ ಎಸ್‌ಎಸ್‌ಡಿ ಸಾಕು, ಹಾರ್ಡ್ ಡಿಸ್ಕ್‌ಗಿಂತ ಎಷ್ಟೋ ವೇಗ. ಅದೂ ಆಗದಿದ್ದರೆ ನಿಮ್ಮ ಇಂಟರ್ನೆಟ್‌ನವರಿಗೆ ಫೋನ್ ಮಾಡಿ ಡೊಂಬಿವಲಿಯವರ ಕಸಿನ್ ತಗೊಂಡ ಹಾಗೆ ಪಬ್ಲಿಕ್ ಐಪಿ ಕೇಳಿ. ಸಾಮಾನ್ಯವಾಗಿ ಬೇರೆ ಚಾರ್ಜ್ ಇರುತ್ತದೆ, ಮೊದಲೇ ವಿಚಾರಿಸಿ. ವಿಪಿಎನ್‌ನಲ್ಲೂ (ಬೇರೊಂದು ಸರ್ವರ್ ಮೂಲಕ ನೆಟ್ ಹೋಗುವ ವ್ಯವಸ್ಥೆ) ಸರಿಹೋಗಬಹುದು. ಆದರೆ ಆಟದ ನಿಯಮದಲ್ಲಿ ಅದಕ್ಕೆ ಅವಕಾಶ ಇದೆಯಾ ಎಂದು ನೋಡದೆ ರ‍್ಯಾಂಕ್ಡ್‌ಗೆ ಹೋಗಬೇಡಿ, ಅಕೌಂಟೇ ಬ್ಯಾನ್ ಆದರೆ ಕಷ್ಟ. ಜೊತೆಗೆ ನೀವೂ, ಮೀರಾರೋಡ್‌ನವರೂ ನಿಮ್ಮ ನಿಮ್ಮ ಮ್ಯಾಚ್ ಐಡಿ ಹಾಕಿ ಬೇರೆ ಬೇರೆ ಟಿಕೆಟ್ ತೆರೆಯಿರಿ. ಡೊಂಬಿವಲಿ ಟಿಕೆಟ್ ನಂಬರ್ ಅದರಲ್ಲಿ ಬರೆಯಿರಿ.