ಇಸಿ (ಎಲೆಕ್ಟ್ರಾನಿಕ್ಸ್) 98 ಬ್ಯಾಚ್ ಗುಂಪು: ‘ಶೂನ್ಯ ಪವರ್’ ಪೋಸ್ಟರ್

ಮಂಜು: [ಫೋಟೊ] ನಮ್ಮ ಎಂಟೆಕ್ ಹುಡುಗರ ಪೋಸ್ಟರ್. ಬ್ಲೂಟೂತ್ ರಿಸೀವರ್‌ಗೆ ಪ್ಯಾಸಿವ್ ಮಿಕ್ಸರ್, ಅಂದರೆ ರೇಡಿಯೋ ಸಿಗ್ನಲನ್ನು ಬರೀ ಸ್ವಿಚ್‌ಗಳಿಂದ ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸುವ ಸರ್ಕ್ಯೂಟ್. ನಾಡಿದ್ದು ಪ್ರದರ್ಶನ. ಹೇಗಿದೆ ಹೇಳಿ.

ಸುಮಾ: ಚೆನ್ನಾಗಿದೆ. ಆದರೆ ದಪ್ಪಕ್ಷರದಲ್ಲಿ ‘ಶೂನ್ಯ ಪವರ್ ಮಿಕ್ಸರ್’ ಅಂತ ಇದೆಯಲ್ಲ, ಅದನ್ನು ತೆಗೆಸು.

ಮಂಜು: ಯಾಕೆ? ಇರುವುದೇ ನಾಲ್ಕು ಮಾಸ್‌ಫೆಟ್ (ಟ್ರಾನ್ಸಿಸ್ಟರ್) ಸ್ವಿಚ್. ಡಿಸಿ ಕರೆಂಟ್ ಹರಿಯುವುದೇ ಇಲ್ಲ.

ಸುಮಾ: ಆ ಸ್ವಿಚ್‌ಗಳನ್ನು ಆನ್-ಆಫ್ ಮಾಡುವವರು ಯಾರು ಮಾರಾಯ? ಎಲ್‌ಒ ಡ್ರೈವರ್, ಲೋಕಲ್ ಆಸಿಲೇಟರ್‌ನ ಕ್ಲಾಕನ್ನು ಗೇಟ್‌ಗಳಿಗೆ ತಳ್ಳುವ ಸರ್ಕ್ಯೂಟ್. ನಾಲ್ಕೂ ಗೇಟ್ ಕೆಪಾಸಿಟೆನ್ಸ್ ಸೇರಿ 100 ಫೆಮ್ಟೋಫ್ಯಾರಡ್ ಅಂತ ಇಟ್ಟುಕೋ. 1 ವೋಲ್ಟ್, 2.4 ಗಿಗಾಹರ್ಟ್ಸ್. ಸಿವಿ ಸ್ಕ್ವೇರ್ ಎಫ್ (ಕೆಪಾಸಿಟೆನ್ಸ್ × ವೋಲ್ಟೇಜ್ ವರ್ಗ × ಫ್ರೀಕ್ವೆನ್ಸಿ) ಹಾಕು, 240 ಮೈಕ್ರೋವಾಟ್ ಬರುತ್ತದೆ. ಬಫರ್‌ಗಳು, ಡಿವೈಡರ್ ಬೇರೆ. ಕ್ಲಾಕ್ ಫ್ರೀಕ್ವೆನ್ಸಿಯನ್ನು ಅರ್ಧ ಮಾಡುವ ಆ ಡಿವೈಡರ್ ಓಡುವುದು 4.8 ಗಿಗಾಹರ್ಟ್ಸ್‌ನಲ್ಲಿ.

ನಾಗರಾಜ: ಸುಮ್ನೆ ಹುಡುಗರಿಗೆ ತಣ್ಣೀರು ಎರಚಬೇಡ ಕಣೇ. ಮಿಕ್ಸರ್ ಕೋರ್ ಪವರ್ ಶೂನ್ಯ ತಾನೆ?

ಸುಮಾ: ಯಾವುದು ಕೋರ್, ಯಾವುದು ಡ್ರೈವರ್ ಅಂತ ಬ್ಯಾಟರಿಗೆ ಗೊತ್ತಾಗುತ್ತಾ?

ಮಂಜು: ಸ್ವಿಚ್ ಚಿಕ್ಕದು ಮಾಡಿದರೆ ಆಯ್ತು.

ರಫೀಕ್: ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಅಗಲ ಅರ್ಧ ಮಾಡಿದರೆ ಗೇಟ್ ಪವರ್ ಅರ್ಧ, ನಿಜ. ಆದರೆ ಆನ್ ರೆಸಿಸ್ಟೆನ್ಸ್ ಡಬಲ್. 20 ಓಮ್ ಇದ್ದದ್ದು 40. ಆಂಟೆನಾನೇ 50. ಮಿಕ್ಸರ್‌ಗೆ ಮೊದಲು ಎಲ್‌ಎನ್‌ಎ (ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್) ಇಲ್ಲ ಅಂತ ಪೋಸ್ಟರ್‌ನಲ್ಲೇ ಇದೆ. ಹಾಗಾದರೆ ಆ ರೆಸಿಸ್ಟೆನ್ಸ್‌ನ ನಾಯ್ಸ್ ಪೂರ್ತಿ ನಿಮ್ಮ ತಲೆಗೇ.

ನಾಗರಾಜ: ಮತ್ತೆ ಗಿಲ್ಬರ್ಟ್ ಸೆಲ್‌ಗೆ, ಆ ಕರೆಂಟ್ ಕುಡಿಯುವ ಆ್ಯಕ್ಟಿವ್ ಮಿಕ್ಸರ್‌ಗೆ, ವಾಪಸ್ ಹೋಗಬೇಕಾ? 😀

ರಫೀಕ್: ಬೇಡ. ಗಿಲ್ಬರ್ಟ್ ಪೇಪರ್ 1968ರದ್ದು, ಬೈಪೋಲಾರ್ ಕಾಲ, ಸಪ್ಲೈ ಧಾರಾಳ. ಈಗ 1 ವೋಲ್ಟ್‌ನಲ್ಲಿ ಒಂದರ ಮೇಲೊಂದು ಮೂರು ಟ್ರಾನ್ಸಿಸ್ಟರ್, ಅದರ ಮೇಲೆ ಲೋಡ್. ಅಷ್ಟಕ್ಕೂ ಹಂಚಲು ವೋಲ್ಟೇಜ್ (ಹೆಡ್‌ರೂಮ್) ಎಲ್ಲಿಂದ ತರುತ್ತೀಯ? ಸ್ವಿಚ್‌ನಲ್ಲಿ ಡಿಸಿ ಹರಿದರೆ, ಕಡಿಮೆ ಫ್ರೀಕ್ವೆನ್ಸಿಯಲ್ಲಿ ಜಾಸ್ತಿಯಾಗುವ ಫ್ಲಿಕರ್ ನಾಯ್ಸ್ ಔಟ್‌ಪುಟ್‌ಗೂ ಬರುತ್ತದೆ. ಇವರದು ಡೈರೆಕ್ಟ್ ಕನ್ವರ್ಷನ್, ಸಿಗ್ನಲ್ ಕೂತಿರುವುದೇ ಝೀರೋ ಹರ್ಟ್ಸ್ ಪಕ್ಕ. ಪ್ಯಾಸಿವ್ ಆರಿಸಿದ್ದು ಸರಿಯಾಗೇ ಇದೆ.

ಸುಮಾ: ಪ್ಯಾಸಿವ್ ತಪ್ಪು ಅಂತ ನಾನೆಲ್ಲಿ ಅಂದೆ? ಪ್ರತಿ ಸ್ವಿಚ್ ಆನ್ ಇರುವ ಪಾಲು (ಡ್ಯೂಟಿ) 50%ನಿಂದ 25%ಗೆ ಇಳಿಸಿದ್ದಾರೆ. ಐಡಿಯಲ್ ಲೆಕ್ಕದಲ್ಲಿ ಕನ್ವರ್ಷನ್ ಲಾಸ್ (ಮಿಕ್ಸರ್‌ನಲ್ಲಿ ಸಿಗ್ನಲ್ ಕಳೆದುಕೊಳ್ಳುವುದು) 3.9 ಡಿಬಿ ಹೋಗಿ 0.9 ಆಯಿತು. ಹೇಳಿಕೊಳ್ಳಬೇಕಾದ ಕೆಲಸ ಅದು. ಅದನ್ನು ಮೂಲೆಯಲ್ಲಿ ಚಿಕ್ಕಕ್ಷರದಲ್ಲಿ ಹಾಕಿ, ಇಲ್ಲದ್ದನ್ನು ನೆತ್ತಿಯ ಮೇಲೆ ಹಾಕಿದ್ದಾರೆ.

ಮಂಜು: ಫ್ಲೆಕ್ಸ್ ಪ್ರಿಂಟ್ ಆಗಿ ಬಂದಾಯ್ತು ಕಣೇ.

ಸುಮಾ: ಮೇಲೊಂದು ಚೀಟಿ ಅಂಟಿಸು, ‘ಎಲ್‌ಒ ಡ್ರೈವರ್ ಸೇರಿ ಇಷ್ಟು ಮೈಕ್ರೋವಾಟ್’ ಅಂತ. ಸಿಮ್ಯುಲೇಶನ್‌ನಲ್ಲಿ ಎಷ್ಟು ಬಂತು?

ಮಂಜು: ಕೇಳಿ ಹೇಳುತ್ತೇನೆ, ಇರು.

ನಾಗರಾಜ: ಈ ಗುಂಪಿನಲ್ಲಿ ಗೆಟ್‌ಟುಗೆದರ್ ತಾರೀಖು ಬಿಟ್ಟು ಎಲ್ಲದಕ್ಕೂ ಲೆಕ್ಕ ಬರುತ್ತೆ.

ಮಂಜು: ಎಲ್‌ಒಗೆ ಐಡಿಯಲ್ ಸೋರ್ಸ್, ಅಂದರೆ ಪವರ್ ಲೆಕ್ಕಕ್ಕೇ ಬಾರದ ಕಾಲ್ಪನಿಕ ಡ್ರೈವರ್, ಇಟ್ಟು ಓಡಿಸಿದ್ದಾರಂತೆ.

ಸುಮಾ: 🙏

ರಫೀಕ್: ಐಡಿಯಲ್ ಸೋರ್ಸ್ ಇಟ್ಟರೆ ನನ್ನ ಸ್ಕೂಟರ್‌ದೂ ಶೂನ್ಯ ಪೆಟ್ರೋಲೇ.

ಮಂಜು: ಇವತ್ತು ರಾತ್ರಿ ನಿಜವಾದ ಬಫರ್ ಹಾಕಿ ಓಡಿಸುತ್ತಾರೆ. ಹೊಸ ಫ್ಲೆಕ್ಸ್ ದುಡ್ಡು ಮಾತ್ರ ಸುಮಾದು.

ಸುಮಾ: ಕೊಡುತ್ತೇನೆ. ಪ್ರಿಂಟ್‌ಗೆ ಹೋಗುವ ಮೊದಲು ರಫೀಕ್‌ಗೆ ತೋರಿಸು.