ಫಾಸ್ಫೇಟ್ ಹನಿ ಪರೀಕ್ಷೆ: ಎಲ್ಲಾ ಮಾದರಿಯೂ ನೀಲಿ, ಯಾಕೆ?

ಬೂದಿಗುಂಡಿ: ಮೂರು ದಿನದಿಂದ ತಲೆ ಕೆಟ್ಟಿದೆ. ಹಳೆಯ ಜನವಸತಿಯ ಜಾಗದ ಮಣ್ಣಿನಲ್ಲಿ ಫಾಸ್ಫೇಟ್ ಹುಡುಕುತ್ತಿದ್ದೇನೆ; ಬೂದಿ, ಮೂಳೆ, ಸಗಣಿಯಿಂದ ಅದು ಸೇರಿರುತ್ತದೆ, ಇದ್ದರೆ ಹನಿ ಬಿದ್ದ ಕಡೆ ನೀಲಿ. ಸೋಸುಕಾಗದದ ಮೇಲೆ ಚಿಟಿಕೆ ಮಣ್ಣು, ಆಸಿಡ್ ಬೆರೆಸಿದ ಮಾಲಿಬ್ಡೇಟ್ ಎರಡು ಹನಿ, ಅರ್ಧ ನಿಮಿಷ ಬಿಟ್ಟು ಆಸ್ಕಾರ್ಬಿಕ್ ಆಸಿಡ್ ಎರಡು ಹನಿ. ಒಲೆಯ ಮಣ್ಣು ನೀಲಿ, ಸರಿ. ಗೋಡೆಯಾಚೆಯದೂ ನೀಲಿ. ಹೋಲಿಸಿ ನೋಡಲು ದೂರದಿಂದ ತಂದ ಕಂಟ್ರೋಲ್ ಮಣ್ಣೂ ಅಷ್ಟೇ ನೀಲಿ! ಜನ ಎಲ್ಲಿ ಬದುಕಿದ್ದರು ಅಂತ ಹೇಗೆ ಹೇಳಲಿ?

ಪದರ7: ಕಂಟ್ರೋಲ್ ಹೊಲದ್ದಾ? ಹಾಗಾದರೆ ರಸಗೊಬ್ಬರವೇ.

ಬೂದಿಗುಂಡಿ: ಹೊಲ ಅಲ್ಲ. ಕುರುಚಲು ಕಾಡು.

ಪದರ7: ಹಿಂದೆ ಉಳುಮೆ ಆಗಿರಬಹುದು. ಫಾಸ್ಫೇಟ್ ಕಬ್ಬಿಣಕ್ಕೋ ಸುಣ್ಣಕ್ಕೋ ಅಂಟಿಕೊಂಡರೆ ಬೇಗ ತೊಳೆದು ಹೋಗುವುದಿಲ್ಲ. ಅದಕ್ಕೇ ಅಲ್ವಾ ಸ್ವೀಡನ್ನಿನ ಮಣ್ಣು ವಿಜ್ಞಾನಿ ಓಲೋಫ್ ಅರೇನಿಯಸ್ 1930ರ ಆಸುಪಾಸಿನಲ್ಲೇ ಅಲ್ಲಿನ ಹಳೆಯ ನೆಲೆಗಳನ್ನು ಇದರಿಂದ ಗುರುತಿಸಿದ್ದು? ಗೊಬ್ಬರದ್ದೂ ಹಾಗೇ ಉಳಿಯುತ್ತದೆ.

ಕಿರಣಪೆಟ್ಟಿಗೆ: ಹನಿ ಪರೀಕ್ಷೆ ಬಿಡಿ, ಎಕ್ಸ್-ಕಿರಣ ಹಾಯಿಸಿ ಮಣ್ಣಿನ ಮೂಲವಸ್ತುಗಳನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಬಳಸಿ. ನಾನು ಮಣ್ಣು ಒಣಗಿಸಿ, ನುಣ್ಣಗೆ ಅರೆದು, ಹೀಲಿಯಂ ಹರಿಸಿ ಓದುತ್ತೇನೆ. ಫಾಸ್ಫೇಟ್ ಒಳಗಿನ ರಂಜಕದ (ಫಾಸ್ಫರಸ್) ಜೊತೆ ಸ್ಟ್ರಾನ್ಷಿಯಂ, ಸತುವೂ ಸಿಗುತ್ತದೆ. ನನ್ನ ಮೇಜಿನ ಫೋಟೋ ಹಾಕಲಾ?

ಮಣ್ಣುಹುಳು: ಅದು ಒಟ್ಟು ರಂಜಕ ತೋರಿಸುತ್ತದೆ. ಹನಿ ಪರೀಕ್ಷೆಯಲ್ಲಿ ಕಾಣುವುದು ಆಸಿಡ್‌ಗೆ ಬಿಡುವ ಭಾಗ ಮಾತ್ರ. ಎರಡನ್ನೂ ಸುಮ್ನೆ ಹೋಲಿಸಬೇಡಿ.

ಕಿರಣಪೆಟ್ಟಿಗೆ: ಹೋಲಿಸಿ ಅಂತ ನಾನೆಲ್ಲಿ ಹೇಳಿದೆ?

ಮಣ್ಣುಹುಳು: ಇರಲಿ. ಬೂದಿಗುಂಡಿ, ಬಣ್ಣ ಎಷ್ಟು ಹೊತ್ತಿಗೆ ನೋಡಿದಿರಿ? ಮಣ್ಣಿಲ್ಲದ ಖಾಲಿ ಕಾಗದಕ್ಕೂ ಹನಿ ಹಾಕಿದ್ದಿರಾ?

ಬೂದಿಗುಂಡಿ: 24 ಮಾದರಿಗೂ ಹಾಕಿ, ಚೀಟಿ ಬರೆದು, ಕೊನೆಗೆ ಒಟ್ಟಿಗೆ ಫೋಟೋ ತೆಗೆದೆ. ಅರ್ಧ ಗಂಟೆ ಆಗಿರಬಹುದು. ಖಾಲಿ ಕಾಗದ ಹಾಕಿರಲಿಲ್ಲ. ಈಗ ಹಾಕಿ ಅಷ್ಟೇ ಹೊತ್ತು ಬಿಟ್ಟೆ, ಅದೂ ತಿಳಿ ನೀಲಿ!

ಮಣ್ಣುಹುಳು: ಸಿಕ್ಕಿತು ನೋಡಿ. ಜಾಸ್ತಿ ಹೊತ್ತು ಬಿಟ್ಟರೆ ಫಾಸ್ಫೇಟ್ ಇಲ್ಲದಿದ್ದರೂ ಮಾಲಿಬ್ಡೇಟ್ ತಾನೇ ನೀಲಿಗೆ ತಿರುಗುತ್ತದೆ. ಗಡಿಯಾರ ಹಿಡಿದು ಒಂದೊಂದನ್ನೂ ಎರಡೇ ನಿಮಿಷಕ್ಕೆ ಓದಿ. ಆಮೇಲೆ ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿ ಅದ್ದಿ, ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಮಣ್ಣಿನಲ್ಲಿ ಸುಣ್ಣ ಇದ್ದರೆ ಅದು ಆಸಿಡ್ ನುಂಗುತ್ತದೆ, ಅದನ್ನೂ ನೋಡಿಕೊಳ್ಳಿ.

ಪದರ7: ಗೊಬ್ಬರವನ್ನು ಇನ್ನೂ ತಳ್ಳಿಹಾಕಬೇಡಿ.

ಬೂದಿಗುಂಡಿ: ಎರಡು ನಿಮಿಷದ ಲೆಕ್ಕದಲ್ಲಿ ಮತ್ತೆ ಮಾಡಿದೆ. ಕಂಟ್ರೋಲ್ ಮಣ್ಣಿನ ಸುತ್ತ ಕಾಗದ ಬಿಳಿಯಾಗೇ ಇದೆ. ಒಲೆಯದರಲ್ಲಿ ಕಡುನೀಲಿ ಗೆರೆಗಳು ಸುತ್ತಲೂ ಹರಡಿವೆ. ಆದರೆ ಗೋಡೆಯಾಚೆಯ ಮೂರು ಮಾದರಿ ಒಲೆಗಿಂತಲೂ ಗಾಢ. ಅಲ್ಲಿ ಬೂದಿಯೂ ಇಲ್ಲ, ಮೂಳೆಯೂ ಇಲ್ಲ. ಮಣ್ಣಿಗೆ ಆಸಿಡ್ ಬಿಟ್ಟರೆ ನೊರೆ ಬರುತ್ತದೆ.

ಮಣ್ಣುಹುಳು: ದನ ಕಟ್ಟಿದ ಜಾಗ ಇರಬಹುದು. ನೊರೆ ಬಂದರೆ ಸುಣ್ಣ ಇದೆ ಅಂತ. ಅಂಥ ಮಣ್ಣಿನಲ್ಲಿ ಸಗಣಿಯ ಸೂಕ್ಷ್ಮ ಸುಣ್ಣದ ಗುಂಡುಗಳು ಉಳಿದಿರುವ ಸಾಧ್ಯತೆ ಇದೆ. ಅದೇ ಮೂರು ಜಾಗದಿಂದ ಮಣ್ಣು ತೆಗೆದು ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ.